ವಾರ್ಡಿನಲ್ಲಿ 25 ನಿಮಿಷದ ಗಡಿಯಾರ

25 ನಿಮಿಷ ಒಂದೇ ಕೆಲಸದಲ್ಲಿ ತೊಡಗಿ, ಆಮೇಲೆ ಸ್ವಲ್ಪ ವಿರಮಿಸುವ ಪೊಮೊಡೊರೊ ವಿಧಾನ ವಾರ್ಡಿನಲ್ಲಿ ನಡೆಯುತ್ತಿಲ್ಲ ಎಂದು ಬರೆದಿದ್ದೀರಿ. ತಪ್ಪು ನಿಮ್ಮದಲ್ಲ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಅದನ್ನು ರೂಪಿಸಿದ್ದು ತಮ್ಮ ಕಾಲೇಜು ಓದಿಗಾಗಿ. ನಡುವೆ ಎದ್ದರೆ ಆ 25 ನಿಮಿಷವೇ ಲೆಕ್ಕಕ್ಕಿಲ್ಲ ಎನ್ನುವ ನಿಯಮ ನರ್ಸ್‌ಗೆ ಹೊಂದುವುದಾದರೂ ಹೇಗೆ?

ಆದರೆ ಅಡಚಣೆಯಿಲ್ಲದ ಗಮನವೆಂಬ ಅದರ ತಿರುಳನ್ನು ಬಿಡಬೇಡಿ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿ ಕೊಡುವಾಗ ಅಡಚಣೆ ಹೆಚ್ಚಿದಷ್ಟೂ ತಪ್ಪುಗಳೂ ಹೆಚ್ಚಿದ್ದವು. ಹಾಗಾಗಿ ಇಡೀ ಪಾಳಿಯನ್ನಲ್ಲ, ಔಷಧಿ ಸಿದ್ಧಪಡಿಸುವ ಆ ಕೆಲವು ನಿಮಿಷಗಳನ್ನು ಗಟ್ಟಿಯಾಗಿ ಕಾಯ್ದುಕೊಳ್ಳಿ. ಆಗ ಕರೆಗಂಟೆಗೆ ಸಹೋದ್ಯೋಗಿ ಓಗೊಡಲಿ, ಅವರ ಸರದಿಯಲ್ಲಿ ನೀವು. ಉಳಿದದ್ದಕ್ಕೆ ಜೇಬಿನಲ್ಲೊಂದು ಚೀಟಿ ಸಾಕು: ಬಿಟ್ಟೆದ್ದ ಕೆಲಸ ಯಾವ ಹಂತದಲ್ಲಿತ್ತೆಂದು ಎರಡು ಪದ ಗೀಚಿ ಏಳಿ. ಸರದಿಯ ವಿಷಯವನ್ನು ಮಾತ್ರ ಹೆಡ್ ನರ್ಸ್ ಬಳಿ ಈ ವಾರವೇ ಮಾತಾಡಿ.