ಸೂಟ್‌ಕೇಸ್ ಕಟ್ಟುವ ಮೊದಲು ಟಿಕೆಟ್ ಓದಿ: ವಿಮಾನದ ಲಗೇಜಿನ ಲೆಕ್ಕ

ವಾಲ್ನಟ್ ಕ್ರೀಕ್, ಕಾಂಕರ್ಡ್, ಪ್ಲೆಸೆಂಟ್ ಹಿಲ್ ಕಡೆ ಕೆಲಸ ಮಾಡುವ ನಮ್ಮವರಲ್ಲಿ ಎಷ್ಟೋ ಜನ ಊರಿಗೆ ಹೋಗುವುದು ಎರಡು ಮೂರು ವರ್ಷಕ್ಕೊಮ್ಮೆ. ಅಷ್ಟು ದಿನ ಒಂದೊಂದಾಗಿ ಕೊಂಡಿಟ್ಟ ಸಾಮಾನೆಲ್ಲ ಎರಡು ಸೂಟ್‌ಕೇಸಿನಲ್ಲಿ ಹಿಡಿಯಬೇಕು. ಕೌಂಟರಿನಲ್ಲಿ ತೂಕ ಜಾಸ್ತಿ ಬಂತು ಅಂದರೆ ನಿಮಗೆ ಉಳಿಯುವುದು ಎರಡೇ ದಾರಿ. ದುಡ್ಡು ಕಟ್ಟಬೇಕು, ಇಲ್ಲವೇ ಎಲ್ಲರೆದುರು ಸೂಟ್‌ಕೇಸ್ ಬಿಚ್ಚಿ ಸಾಮಾನು ತೆಗೆದಿಡಬೇಕು. ಆ ಶುಲ್ಕ ಕೆಲವೊಮ್ಮೆ ಒಂದು ದಿನದ ಸಂಪಾದನೆಯನ್ನೇ ನುಂಗುತ್ತದೆ. ಕೂಡುವುದು, ಕಳೆಯುವುದು ಬಂದರೆ ಸಾಕು, ಇದನ್ನು ಮನೆಯಲ್ಲೇ ತಪ್ಪಿಸಬಹುದು. ನನ್ನ ಕೆಲಸವೇ ಲೆಕ್ಕ ಬರೆಯುವುದು, ಹಾಗಾಗಿ ಲೆಕ್ಕದ ರೀತಿಯಲ್ಲೇ ಹೇಳ್ತೀನಿ.

1. ಮೊದಲು ಟಿಕೆಟ್ ನೋಡಿ

"ಪಕ್ಕದ ಮನೆಯವರಿಗೆ ಎರಡು ಬ್ಯಾಗ್ ಬಿಟ್ಟರಂತೆ" ಅನ್ನುವ ಮಾತು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಕಂಪನಿಯಲ್ಲೂ ಕಡಿಮೆ ದರದ ಟಿಕೆಟಿಗೆ ಒಂದು ಬ್ಯಾಗ್, ಹೆಚ್ಚಿನ ದರಕ್ಕೆ ಎರಡು ಬ್ಯಾಗ್ ಇರಬಹುದು. ನಿಮ್ಮ ಇ-ಟಿಕೆಟಿನಲ್ಲಿ "ಬ್ಯಾಗೇಜ್" ಅಂತ ಇರುವ ಜಾಗ ಹುಡುಕಿ. ಅಲ್ಲಿ ಎರಡರಲ್ಲಿ ಒಂದು ರೀತಿ ಬರೆದಿರುತ್ತದೆ.

"2ಪಿಸಿ" ಅಂತಿದ್ದರೆ ಎರಡು ಬ್ಯಾಗ್ ಅಂತ ಅರ್ಥ. ಪ್ರತಿ ಬ್ಯಾಗಿಗೂ ಬೇರೆ ಬೇರೆ ಮಿತಿ. ಅಮೆರಿಕದಿಂದ ಭಾರತಕ್ಕೆ ಹೋಗುವ ಎಕಾನಮಿ ಟಿಕೆಟಿನಲ್ಲಿ ಸಾಮಾನ್ಯವಾಗಿ ಒಂದೊಂದು ಬ್ಯಾಗಿಗೆ 23 ಕಿಲೋ, ಅಂದರೆ 50 ಪೌಂಡು.

"30ಕೆ" ಅಂತಿದ್ದರೆ ಒಟ್ಟು ತೂಕ 30 ಕಿಲೋ ಮೀರಬಾರದು ಅಂತ ಅರ್ಥ. ಗಲ್ಫ್ ದೇಶಗಳಿಂದ ಊರಿಗೆ ಹೋಗುವವರ ಟಿಕೆಟಿನಲ್ಲಿ ಇಂಥದ್ದು ಹೆಚ್ಚು. ದುಬೈಯಲ್ಲಿರುವ ಅಣ್ಣ ಹೇಳಿದ ಲೆಕ್ಕ ಇಲ್ಲಿ ನಿಮಗೆ ಹೊಂದದೇ ಇರುವುದು ಇದಕ್ಕೇ.

2. ಎರಡು ಬ್ಯಾಗ್, ಎರಡು ಖಾತೆ

ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ. ಒಂದು ಸೂಟ್‌ಕೇಸ್ 26 ಕಿಲೋ, ಇನ್ನೊಂದು 20 ಕಿಲೋ ಇದೆ ಅಂದುಕೊಳ್ಳಿ. ಒಟ್ಟು 46, ಸರಿಯಾಯ್ತಲ್ಲ ಅನ್ನಿಸುತ್ತದೆ. ಆದರೆ "ಪಿಸಿ" ಟಿಕೆಟಿನಲ್ಲಿ ಒಂದು ಖಾತೆಯ ಉಳಿಕೆಯನ್ನು ಇನ್ನೊಂದು ಖಾತೆಗೆ ಜಮಾ ಮಾಡಲು ಬರುವುದಿಲ್ಲ. 26 ಕಿಲೋ ಇರುವ ಬ್ಯಾಗಿಗೆ ಹೆಚ್ಚಿನ ಶುಲ್ಕ ಬೀಳುತ್ತದೆ. ಮೂರು ಕಿಲೋ ಸಾಮಾನನ್ನು ಈ ಬ್ಯಾಗಿನಿಂದ ಆ ಬ್ಯಾಗಿಗೆ ಹಾಕಿದರೆ ಎರಡೂ 23, ಶುಲ್ಕ ಸೊನ್ನೆ.

ಒಂದೇ ಬ್ಯಾಗ್ 32 ಕಿಲೋ, ಅಂದರೆ 70 ಪೌಂಡು ಮೀರಿದರೆ ಸಾಮಾನ್ಯವಾಗಿ ದುಡ್ಡು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ವಿಮಾನಕ್ಕೆ ಬ್ಯಾಗ್ ತುಂಬುವವರೂ ನಮ್ಮ ಹಾಗೆ ಮೈಮುರಿದು ದುಡಿಯುವವರೇ. ಅವರ ಬೆನ್ನು ಉಳಿಯಲಿ ಅಂತಲೇ ಈ ಮಿತಿ.

ಖಾಲಿ ಸೂಟ್‌ಕೇಸಿನ ತೂಕವೂ ಇದರಲ್ಲೇ ಸೇರುತ್ತದೆ. ಗಟ್ಟಿ ಮೈಯ ದೊಡ್ಡ ಸೂಟ್‌ಕೇಸ್ 5 ಕಿಲೋ ಇದ್ದರೆ ನಿಮ್ಮ ಸಾಮಾನಿಗೆ ಸಿಗುವುದು 18 ಕಿಲೋ ಮಾತ್ರ. ಹೊಸದು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಅದರ ತೂಕ ಕೇಳಿ.

3. ಅಳತೆ: ಉದ್ದ + ಅಗಲ + ಎತ್ತರ

ತೂಕ ಸರಿಯಿದ್ದರೂ ಅಳತೆ ಮೀರಿದರೆ ಶುಲ್ಕ ಬೀಳುತ್ತದೆ. ಚೆಕ್-ಇನ್ ಬ್ಯಾಗಿನ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿ. ಸಾಮಾನ್ಯ ಮಿತಿ 62 ಇಂಚು, ಅಂದರೆ 158 ಸೆಂಟಿಮೀಟರ್. ಚಕ್ರ, ಹಿಡಿ ಎರಡನ್ನೂ ಸೇರಿಸಿಯೇ ಅಳೆಯಬೇಕು.

30 + 20 + 12 = 62. ಸರಿ.
24 + 18 + 18 ಇಂಚಿನ ರಟ್ಟಿನ ಡಬ್ಬ = 60. ಸರಿ.
42 + 27 + 6 ಇಂಚಿನ ಟಿವಿ ಡಬ್ಬ = 75. ಹಗುರವಾಗಿದ್ದರೂ ಮಿತಿ ಮೀರಿತು.

4. ಮನೆಯಲ್ಲೇ ತೂಗಿ

ಬಾತ್‌ರೂಮಿನ ತೂಕದ ಯಂತ್ರ ಸಾಕು. ಮೊದಲು ನೀವೊಬ್ಬರೇ ನಿಂತು ತೂಕ ಬರೆದುಕೊಳ್ಳಿ. ಆಮೇಲೆ ಸೂಟ್‌ಕೇಸ್ ಎತ್ತಿಕೊಂಡು ನಿಲ್ಲಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಬರುವುದೇ ಸೂಟ್‌ಕೇಸಿನ ತೂಕ. ಯಂತ್ರ ಸರಿಯಿದೆಯೋ ಇಲ್ಲವೋ ಅಂತ ಅನುಮಾನವೇ? ಇಂಡಿಯನ್ ಅಂಗಡಿಯಲ್ಲಿ ಸಿಗುವ 20 ಪೌಂಡಿನ ಅಕ್ಕಿ ಚೀಲವನ್ನು, ಬಿಚ್ಚುವ ಮೊದಲು, ಇದೇ ರೀತಿ ತೂಗಿ ನೋಡಿ. 22 ತೋರಿಸಿದರೆ ಆ ಯಂತ್ರವನ್ನು ನಂಬಬೇಡಿ.

ಮನೆಯಲ್ಲಿ 50ಕ್ಕೆ ನಿಲ್ಲಿಸಬೇಡಿ, 48 ಪೌಂಡಿಗೆ ನಿಲ್ಲಿಸಿ. ಯಂತ್ರದಿಂದ ಯಂತ್ರಕ್ಕೆ ಆಗುವ ವ್ಯತ್ಯಾಸಕ್ಕೆ ಆ ಎರಡು ಪೌಂಡು. ಕೌಂಟರಿನಲ್ಲಿ ಬ್ಯಾಗ್ ಇಡುವ ಮೊದಲು ಅಲ್ಲಿನ ಅಂಕಿ ಸೊನ್ನೆ ಇದೆಯೇ ಅಂತಲೂ ನೋಡಿ.

ವಾಲ್ನಟ್ ಕ್ರೀಕಿನಿಂದ ಬಾರ್ಟ್‌ನ ಹಳದಿ ಲೈನ್ ರೈಲು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಅದರಲ್ಲಿ ಹೋಗುವವರು ಇಷ್ಟೂ ಬ್ಯಾಗನ್ನು ಒಬ್ಬರೇ ಎಳೆದುಕೊಂಡು ಹತ್ತಲು ಆಗುತ್ತದೆಯೇ ಅಂತ ಒಮ್ಮೆ ಯೋಚಿಸಿ.

5. ಕ್ಯಾಬಿನ್ ಬ್ಯಾಗ್ ತುಂಬುವಾಗ

ಒಳಗೆ ಒಯ್ಯುವ ಬ್ಯಾಗಿಗೆ ಅಮೆರಿಕದ ಕಂಪನಿಗಳ ಸಾಮಾನ್ಯ ಅಳತೆ 22 × 14 × 9 ಇಂಚು. ಭಾರತ, ಗಲ್ಫ್, ಯುರೋಪಿನ ಕಂಪನಿಗಳಲ್ಲಿ ಇದನ್ನೂ ತೂಗಬಹುದು. ಹೆಚ್ಚಿನ ಕಡೆ ಮಿತಿ 7 ಅಥವಾ 8 ಕಿಲೋ.

ಕೌಂಟರಿನಲ್ಲಿ ತೂಕ ಹೆಚ್ಚಾಯ್ತು ಅಂತ ಸಿಕ್ಕಿದ್ದನ್ನೆಲ್ಲ ಕ್ಯಾಬಿನ್ ಬ್ಯಾಗಿಗೆ ತುರುಕಬೇಡಿ. ತುಪ್ಪ, ಜೇನುತುಪ್ಪ, ಉಪ್ಪಿನಕಾಯಿ, ಶಾಂಪೂ 100 ಮಿಲಿಲೀಟರ್ ಮೀರಿದ ಬಾಟಲಿಯಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ಹೋಗುತ್ತದೆ. ಅಲ್ಲಿಗೆ ವಿನಿಮಯ ಮಾಡಿಕೊಳ್ಳಲು ಹಗುರ ಬಟ್ಟೆ, ಪುಸ್ತಕ ಇಂಥವನ್ನು ಸೂಟ್‌ಕೇಸಿನ ಮೇಲ್ಭಾಗದಲ್ಲೇ ಇಟ್ಟಿರಿ.

ಪವರ್ ಬ್ಯಾಂಕ್ ಯಾವಾಗಲೂ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು. 100 ವ್ಯಾಟ್-ಅವರ್ ಒಳಗಿನದಕ್ಕೆ ಮೊದಲೇ ಅನುಮತಿ ಬೇಡ. 20,000 ಎಂಎಎಚ್ ಅಂತ ಬರೆದಿರುವುದು ಸುಮಾರು 74 ವ್ಯಾಟ್-ಅವರ್. ವಿಮಾನ ಹತ್ತುವ ಬಾಗಿಲಲ್ಲಿ "ಜಾಗ ಇಲ್ಲ, ಈ ಬ್ಯಾಗ್ ಕೆಳಗೆ ಹಾಕ್ತೀವಿ" ಅಂದರೆ ಪವರ್ ಬ್ಯಾಂಕ್, ಪಾಸ್‌ಪೋರ್ಟ್, ಔಷಧಿ ಮೂರನ್ನೂ ತೆಗೆದುಕೊಂಡೇ ಬ್ಯಾಗ್ ಕೊಡಿ.

ಊರಿಂದ ವಾಪಸ್ ಬರುವಾಗ ಒಣ ಕೊಬ್ಬರಿ ಕಟ್ಟಬೇಡಿ. ಅದರ ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿ ಇದೆ.

6. ಬೆಂಗಳೂರಿನಿಂದ ಮುಂದೆ

ಎಲ್ಲಕ್ಕಿಂತ ದೊಡ್ಡ ಹೊಡೆತ ಬೀಳುವುದು ಇಲ್ಲಿ. ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗೆ ವಿಮಾನದಲ್ಲಿ ಹೋಗುವವರು ಆ ಟಿಕೆಟನ್ನು ಅಗ್ಗಕ್ಕೆ ಸಿಕ್ಕಿತು ಅಂತ ಬೇರೆಯಾಗಿ ಕೊಳ್ಳುತ್ತಾರೆ. ದೇಶದೊಳಗಿನ ಎಕಾನಮಿ ಟಿಕೆಟಿಗೆ ಸಾಮಾನ್ಯವಾಗಿ ಇರುವುದು 15 ಕಿಲೋ. ನಿಮ್ಮ ಕೈಯಲ್ಲಿರುವುದು 46. ಮಿಕ್ಕ 31 ಕಿಲೋಗೆ ಕಿಲೋ ಲೆಕ್ಕದಲ್ಲಿ ಕಟ್ಟಬೇಕು. ಉದಾಹರಣೆಗೆ ಕಿಲೋಗೆ 500 ರೂಪಾಯಿ ಅಂತ ಇಟ್ಟುಕೊಂಡರೂ 15,500 ರೂಪಾಯಿ ಆಯ್ತು. ಟಿಕೆಟಿನಲ್ಲಿ ಉಳಿಸಿದ್ದು ಎಲ್ಲಿ ಹೋಯ್ತು?

ಸ್ಯಾನ್ ಫ್ರಾನ್ಸಿಸ್ಕೋದಿಂದ ನಿಮ್ಮೂರಿನವರೆಗೆ ಒಂದೇ ಟಿಕೆಟ್ ಆಗಿದ್ದರೆ ಈ ಕಷ್ಟವಿಲ್ಲ. ಅಮೆರಿಕದಲ್ಲಿ ಶುರುವಾಗುವ ಅಥವಾ ಅಲ್ಲಿಗೆ ಮುಗಿಯುವ ಪ್ರಯಾಣಕ್ಕೆ, ಪ್ರಯಾಣದ ಆರಂಭದಲ್ಲಿ ಇರುವ ಲಗೇಜ್ ಮಿತಿಯೂ ಶುಲ್ಕವೂ ಕೊನೆಯ ಊರಿನವರೆಗೆ ನಡೆಯಬೇಕು ಅನ್ನುವುದು ಅಮೆರಿಕದ ಸಾರಿಗೆ ಇಲಾಖೆಯ ನಿಯಮ. ಆದ್ದರಿಂದ ಏಜೆಂಟನ್ನು ನೇರವಾಗಿ ಕೇಳಿ: "ಇದು ಒಂದೇ ಟಿಕೆಟ್ಟಾ, ಎರಡಾ? ಕೊನೆಯವರೆಗೂ ಎರಡು ಬ್ಯಾಗ್ ಬಿಡ್ತಾರಾ?" ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಆಗಲೇ ಬೇರೆ ಟಿಕೆಟ್ ಕೊಂಡಿದ್ದರೆ, ಹೆಚ್ಚಿನ ಕಿಲೋವನ್ನು ಆನ್‌ಲೈನಿನಲ್ಲಿ ಮೊದಲೇ ಕೊಂಡರೆ ಎಷ್ಟು ಅಂತ ನೋಡಿ. ಕೌಂಟರಿನ ದರಕ್ಕಿಂತ ಅದು ಸಾಮಾನ್ಯವಾಗಿ ಕಡಿಮೆ. ರೈಲಿನ ಲೆಕ್ಕವನ್ನೂ ಹಾಕಿ. ಸ್ಲೀಪರ್ ಟಿಕೆಟಿಗೆ 40 ಕಿಲೋವರೆಗೆ ಉಚಿತ.

7. ನೀವೇ ಲೆಕ್ಕ ಮಾಡಿ

ಅ) ನೀವೊಬ್ಬರೇ ನಿಂತಾಗ 142 ಪೌಂಡು, ಸೂಟ್‌ಕೇಸ್ ಎತ್ತಿಕೊಂಡಾಗ 194. ಸೂಟ್‌ಕೇಸ್ ಎಷ್ಟು?
ಆ) 28 + 20 + 15 ಇಂಚಿನ ಡಬ್ಬ ನಡೆಯುತ್ತದೆಯೇ?
ಇ) ಟಿಕೆಟಿನಲ್ಲಿ "2ಪಿಸಿ", ಒಂದೊಂದಕ್ಕೆ 23 ಕಿಲೋ. ನಿಮ್ಮ ಬ್ಯಾಗ್ 25 ಮತ್ತು 19. ಏನು ಮಾಡ್ತೀರಿ?

ಉತ್ತರ: ಅ) 52 ಪೌಂಡು. 2 ಪೌಂಡು ಜಾಸ್ತಿ, ತೆಗೆಯಿರಿ. ಆ) 63 ಇಂಚು. ಒಂದು ಇಂಚು ಮೀರಿತು, ಬೇರೆ ಡಬ್ಬ ನೋಡಿ. ಇ) ಮೊದಲನೆಯದರಿಂದ 3 ಕಿಲೋ ತೆಗೆದು ಎರಡನೆಯದಕ್ಕೆ ಹಾಕಿ. ಎರಡೂ 22 ಆಗುತ್ತವೆ.

ಮೂರೂ ಸರಿ ಬಂದಿದ್ದರೆ ನಿಮ್ಮ ಟಿಕೆಟ್ ತೆಗೆಯಿರಿ. ಬ್ಯಾಗ್ ಎಷ್ಟು, ತೂಕ ಎಷ್ಟು, ಅಳತೆ ಎಷ್ಟು, ಯಾವ ಊರಿನವರೆಗೆ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಸೂಟ್‌ಕೇಸಿನ ಒಳಮುಚ್ಚಳಕ್ಕೆ ಅಂಟಿಸಿ. ಆಮೇಲೆ ಸಾಮಾನು ತುಂಬಲು ಶುರು ಮಾಡಿ.