ಆಮ್ಲಗಳ ಬಲಾಬಲ: ಒಂದು ವಿವೇಚನೆ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಅಭಿನಂದನೆಯ ಮಾತುಗಳಿಗಿಂತ ಒಂದು ಪಾಠವನ್ನೇ ಒಪ್ಪಿಸುವುದು ಅಧ್ಯಾಪಕನಾದ ನನಗೆ ಉಚಿತವೆನಿಸಿದೆ. ಗಡಿನಾಡಿನ ನಮ್ಮ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಕಲಿತು, ಕಾಲೇಜಿನಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಎದುರಿಸಬೇಕಾಗುತ್ತದೆ. ಬಾಯಿಪಾಠ ಮಾಡಿದ್ದು ಭಾಷೆ ಬದಲಾದೊಡನೆ ಕೈಕೊಡುತ್ತದೆ. ಕಾರಣವರಿತು ಕಲಿತದ್ದು ಉಳಿಯುತ್ತದೆ. ಅದಕ್ಕೊಂದು ನಿದರ್ಶನವಾಗಿ ಸರಳ ಹೈಡ್ರೋಜನ್ ಸಂಯುಕ್ತಗಳ ಆಮ್ಲಬಲವನ್ನು ಆರಿಸಿಕೊಂಡಿದ್ದೇನೆ.

ಪ್ರೋಟಾನನ್ನು, ಅಂದರೆ ಹೈಡ್ರೋಜನ್ ಅಯಾನನ್ನು, ದಾನ ಮಾಡುವ ವಸ್ತುವೇ ಆಮ್ಲವೆಂದು 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ ಪ್ರತ್ಯೇಕವಾಗಿ ವ್ಯಾಖ್ಯಾನಿಸಿದರು. ಈ ದಾನಶೀಲತೆಯನ್ನು ಪಿಕೆಎ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಸಂಖ್ಯೆ ಕಿರಿದಾದಷ್ಟೂ ಆಮ್ಲ ಪ್ರಬಲ. ಒಂದು ಅಂಕ ಇಳಿದರೆ ಬಲ ಹತ್ತು ಪಟ್ಟು ಹೆಚ್ಚಿತೆಂದು ತಿಳಿಯಬೇಕು.

ಮೊದಲು ಆವರ್ತ ಕೋಷ್ಟಕದ ಎರಡನೆಯ ಸಾಲನ್ನು ಎಡದಿಂದ ಬಲಕ್ಕೆ ನೋಡೋಣ. ಮೀಥೇನಿನ ಪಿಕೆಎ ಸುಮಾರು 50, ಅಮೋನಿಯದ್ದು 38, ನೀರಿನದ್ದು 14, ಹೈಡ್ರೋಜನ್ ಫ್ಲೋರೈಡಿನದ್ದು 3.2. ಇಲ್ಲಿ ಪರಮಾಣುಗಳ ಗಾತ್ರದಲ್ಲಿ ಹೆಚ್ಚಿನ ಅಂತರವಿಲ್ಲ. ಇಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆಯುವ ಗುಣವಾದ ವಿದ್ಯುದೃಣತ್ವ ಮಾತ್ರ ಪೌಲಿಂಗನ ಮಾನದಲ್ಲಿ 2.5, 3.0, 3.5, 4.0 ಎಂದು ಏರುತ್ತದೆ. ಪ್ರೋಟಾನು ಹೊರಟುಹೋದಾಗ ಉಳಿಯುವ ಋಣ ವಿದ್ಯುದಂಶವನ್ನು ಫ್ಲೋರಿನ್ ಸುಲಭವಾಗಿ ತಾಳಿಕೊಳ್ಳುತ್ತದೆ, ಕಾರ್ಬನ್ ತಾಳಲಾರದು.

ಹಾಗಾದರೆ ವಿದ್ಯುದೃಣತ್ವವೇ ಎಲ್ಲವನ್ನೂ ನಿರ್ಣಯಿಸುತ್ತದೆಯೇ? ಫ್ಲೋರಿನ್ನಿನಿಂದ ಕೆಳಕ್ಕಿಳಿದರೆ ಈ ಊಹೆ ನಿಲ್ಲದು. ವಿದ್ಯುದೃಣತ್ವ ಕುಗ್ಗುತ್ತ ಹೋದರೂ ಹೈಡ್ರೋಜನ್ ಕ್ಲೋರೈಡ್, ಬ್ರೋಮೈಡ್, ಅಯೊಡೈಡುಗಳ ಪಿಕೆಎ ಅಂದಾಜು −7, −9, −10. ಇಲ್ಲಿ ಪರಮಾಣುವಿನ ಗಾತ್ರವೇ ಪ್ರಧಾನ. ಗಾತ್ರ ಹಿಗ್ಗಿದಂತೆ ಹೈಡ್ರೋಜನಿನೊಡನೆ ಬಂಧ ಸಡಿಲವಾಗುತ್ತದೆ. ಅದನ್ನು ಮುರಿಯಲು ಒಂದು ಮೋಲಿಗೆ ಬೇಕಾದ ಶಕ್ತಿ ಫ್ಲೋರೈಡಿಗೆ ಸುಮಾರು 570 ಕಿಲೋಜೂಲ್, ಕ್ಲೋರೈಡಿಗೆ 431, ಬ್ರೋಮೈಡಿಗೆ 366, ಅಯೊಡೈಡಿಗೆ 299. ಜೊತೆಗೆ ದೊಡ್ಡ ಅಯಾನಿನಲ್ಲಿ ಋಣ ವಿದ್ಯುದಂಶ ವಿಸ್ತಾರವಾಗಿ ಹರಡಿಕೊಳ್ಳುತ್ತದೆ. ನೀರಿನಲ್ಲಿ ಈ ಮೂರೂ ಬಹುತೇಕ ಪೂರ್ಣವಾಗಿ ಅಯಾನೀಕರಣ ಹೊಂದುವುದರಿಂದ ಸಮಬಲವಾಗಿ ತೋರುತ್ತವೆ. ಅಸಿಟಿಕ್ ಆಮ್ಲವನ್ನು ದ್ರಾವಕವಾಗಿ ಬಳಸಿದಾಗ ಅವುಗಳ ತಾರತಮ್ಯ ಗೋಚರಿಸುತ್ತದೆ.

'ದುರ್ಬಲ' ಎಂಬ ಪದದ ಬಗ್ಗೆ ಎಚ್ಚರ ಅಗತ್ಯ. ಲೀಟರಿಗೆ 0.1 ಮೋಲ್ ಇರುವ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ನೂರಕ್ಕೆ ಸುಮಾರು ಎಂಟು ಅಣುಗಳು ಮಾತ್ರ ಅಯಾನುಗಳಾಗುತ್ತವೆ. ಆದ್ದರಿಂದಲೇ ಅದು ದುರ್ಬಲ ಆಮ್ಲ. ಆದರೂ ಅದು ಗಾಜನ್ನು ಕೊರೆಯುತ್ತದೆ, ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಮ್ಮನ್ನು ಬಂಧಿಸಿ ಪ್ರಾಣಕ್ಕೇ ಎರವಾಗಬಲ್ಲದು. ದುರ್ಬಲವೆಂದರೆ ನಿರಪಾಯಕಾರಿಯೆಂದು ಅರ್ಥವಲ್ಲ.

ಹೀಗೆ, ಸಾಲಿನಲ್ಲಿ ಬಲಕ್ಕೆ ಹೋದರೂ ಗುಂಪಿನಲ್ಲಿ ಕೆಳಕ್ಕೆ ಇಳಿದರೂ ಆಮ್ಲಬಲ ಹೆಚ್ಚುತ್ತದೆ, ಕಾರಣಗಳು ಮಾತ್ರ ಬೇರೆ. ಎರಡು ದಿಕ್ಕುಗಳು ಪರಸ್ಪರ ಎದುರಾದರೆ? ಹೈಡ್ರೋಜನ್ ಸಲ್ಫೈಡಿನ ಪಿಕೆಎ 7. ಫ್ಲೋರೈಡೇ ಅದಕ್ಕಿಂತ ಪ್ರಬಲ. ಆದರೆ ಅದೇ ಗುಂಪಿನ ಹೈಡ್ರೋಜನ್ ಟೆಲ್ಯುರೈಡ್ 2.6ರೊಂದಿಗೆ ಫ್ಲೋರೈಡನ್ನು ಮೀರಿಸುತ್ತದೆ. ಇಂಥಲ್ಲಿ ತರ್ಕ ದಾರಿ ತೋರೀತು, ತೀರ್ಪು ಪ್ರಯೋಗದ್ದೇ. ಫಾಸ್ಫೀನ್ ಮತ್ತು ಅಮೋನಿಯಗಳಲ್ಲಿ ಪ್ರಬಲ ಆಮ್ಲ ಯಾವುದು, ಏಕೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಯೋಚಿಸಿ ಬರೆಯಲಿ.