ಮುಳ್ಳು ಕುಣಿದರೆ ಮೊದಲು ನೀರು ನೋಡಿ



ತಾಳವಾಡಿ ಕಡೆಯ ಕೋಸು, ಟೊಮ್ಯಾಟೊ, ಆಲೂಗಡ್ಡೆ ಸತ್ಯಮಂಗಲ, ಕೊಯಮತ್ತೂರು ಕಡೆಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಬರುವಾಗ ಗೊಬ್ಬರವನ್ನೋ ಸಿಮೆಂಟನ್ನೋ ಹೇರಿಕೊಂಡು ಅದೇ 27 ತಿರುವುಗಳನ್ನು ಹತ್ತಬೇಕು. ಇಂಜಿನ್ನಿನ ನಿಜವಾದ ಆರೋಗ್ಯ ತಿಳಿಯುವುದು ಈ ಹತ್ತುವ ಹೊತ್ತಿನಲ್ಲಿಯೇ.

ಭಾನುವಾರದ ಪೂಜೆ ಮುಗಿಸಿ ದೇವಾಲಯದ ಹೊರಗೆ ನಾಲ್ಕು ಜನ ಗಾಡಿಯವರು ನಿಂತರೆ ಈ ಮಾತು ಬಂದೇ ಬರುತ್ತದೆ: "ಅಣ್ಣ, ಟೆಂಪರೇಚರ್ ಮುಳ್ಳು ಒಂದ್ಸಲ ಮೇಲಕ್ಕೆ ಹೋಯ್ತದೆ, ಒಂದ್ಸಲ ತಾನೇ ಇಳೀತದೆ. ಏನ್ ಮಾಡದು?" ಉತ್ತರವೂ ಸಿದ್ಧವಾಗಿರುತ್ತದೆ: "ಸೆನ್ಸರ್ ಹೋಗಿರ್ತದೆ ಬುಡು, ಬದಲಾಯ್ಸು."

ನಾವೂ ಹಾಗೆಯೇ ಮಾಡಿದವರು. ಸೆನ್ಸರ್ ಬದಲಾಯಿಸಿದೆವು, ಮೀಟರನ್ನೂ ಬದಲಾಯಿಸಿದೆವು. ಮುಳ್ಳು ಕುಣಿಯುವುದು ನಿಲ್ಲಲಿಲ್ಲ. ಕೊನೆಗೆ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ಎರಡು ಲೀಟರಿಗೂ ಮಿಕ್ಕಿ ನೀರು ಕಡಿಮೆ ಇತ್ತು. ವರ್ಕ್‌ಶಾಪಿನವರು ಮುಚ್ಚಳ ತೆಗೆದಿರಲಿಲ್ಲ, ನಾವೂ ತೆಗೆದಿರಲಿಲ್ಲ. ಅಷ್ಟರಲ್ಲಿ ಇಂಜಿನ್ನಿನ ಹೆಡ್ ಬಾಗಿ ಹೋಗಿತ್ತು. ಆ ವರ್ಷದ ಕೋಸಿನ ದುಡ್ಡೆಲ್ಲ ಅದಕ್ಕೇ ಹೋಯಿತು.

ಮುಳ್ಳನ್ನು ಆಡಿಸುವುದು ಇಂಜಿನ್ನಿನ ನೀರಿನಲ್ಲಿ ಮುಳುಗಿರುವ ಒಂದು ಚಿಕ್ಕ ಸೆನ್ಸರ್. ತಣ್ಣಗಿರುವಾಗ ಅದು ವಿದ್ಯುತ್ತನ್ನು ಹೆಚ್ಚು ತಡೆಯುತ್ತದೆ. ನೀರು ಬಿಸಿಯಾದಂತೆ ತಡೆ ಕಡಿಮೆಯಾಗಿ ಮುಳ್ಳು ಮೇಲೇರುತ್ತದೆ. ಸೆನ್ಸರ್ ತನ್ನ ಮೈಗೆ ತಗುಲಿದ್ದನ್ನು ಮಾತ್ರ ಹೇಳಬಲ್ಲದು. ನೀರು ಕಡಿಮೆಯಾಗಿ ಅದರ ಸುತ್ತ ಗಾಳಿ ತುಂಬಿದರೆ, ಇಂಜಿನ್ ಕುದಿಯುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಹತ್ತುವಾಗ ಏರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ತಣ್ಣನೆಯ ಕಡೆಗೆ ಬಿದ್ದರೆ, "ಸದ್ಯ, ಇಳೀತು" ಎಂದು ಆಕ್ಸಿಲರೇಟರ್ ಒತ್ತುವವರನ್ನು ನಾವು ಕಂಡಿದ್ದೇವೆ. ಗಾಡಿ ನಿಲ್ಲಿಸಬೇಕಾದದ್ದು ಆಗಲೇ.

ಹಾಗಾದರೆ ತಪ್ಪು ಮುಳ್ಳಿನದೋ ಇಂಜಿನ್ನಿನದೋ? ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಇದಕ್ಕೆ ಕಾಸು ಖರ್ಚಿಲ್ಲ. ನೀರು ತುಂಬಿದೆ, ಆದರೂ ಮುಳ್ಳು ಕುಣಿಯುತ್ತದೆ ಎಂದಾದರೆ ಮಾತ್ರ ವೈರಿನ ಕಡೆ ಹೋಗಿ. ತುಂಬಿದ ನೀರಿನ ಬಿಸಿ ಒಂದು ಸೆಕೆಂಡಿನಲ್ಲಿ 20 ಡಿಗ್ರಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಗುಂಡಿಗೆ ಬಿದ್ದಾಗ ಮುಳ್ಳು ಪಟ್ಟನೆ ಜಿಗಿದರೆ ವೈರು ಸಡಿಲವಿದೆ. ಹೆಡ್‌ಲೈಟ್ ಅಥವಾ ವೈಪರ್ ಹಾಕಿದ ಕೂಡಲೇ ಜಿಗಿದರೆ ಅರ್ತ್ ಸರಿಯಿಲ್ಲ. ಬ್ಯಾಟರಿಯಿಂದ ಚಾಸಿಗೂ ಇಂಜಿನ್ನಿಗೂ ಹೋಗುವ ಪಟ್ಟಿಗಳನ್ನು ಬಿಚ್ಚಿ, ತುಕ್ಕು ಕೆರೆದು, ಬಿಗಿ ಮಾಡಿ. ಹೊಸ ಸೆನ್ಸರ್ ಹಾಕುವಾಗ ಮರೆಗೆ ಟೆಫ್ಲಾನ್ ಟೇಪನ್ನು ಸುತ್ತಿ ಸುತ್ತಿ ಹಾಕಿದರೂ ಅರ್ತ್ ಸಿಗದೆ ಮುಳ್ಳು ತಪ್ಪು ತೋರಿಸುತ್ತದೆ.

ಸೆನ್ಸರಿಗೆ ಒಂದೇ ವೈರಿರುವ ಹಳೆಯ ಗಾಡಿಗಳಲ್ಲಿ ಇನ್ನೊಂದು ಪರೀಕ್ಷೆಯಿದೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಆ ವೈರನ್ನು ಕಳಚಿ. ಮುಳ್ಳು ತಣ್ಣನೆಯ ಕೊನೆಗೆ ಇಳಿಯಬೇಕು. ಅದೇ ವೈರನ್ನು ಇಂಜಿನ್ನಿನ ಲೋಹಕ್ಕೆ ಮುಟ್ಟಿಸಿದರೆ ಮುಳ್ಳು ಮೇಲೇಳಬೇಕು. ಏಳುತ್ತಿದ್ದಂತೆಯೇ ವೈರು ತೆಗೆದುಬಿಡಿ. ಎರಡೂ ಸರಿಯಾಗಿ ಆದರೆ ಮೀಟರೂ ವೈರೂ ಚೆನ್ನಾಗಿವೆ, ಸೆನ್ಸರಿನ ಮೇಲೆ ಅನುಮಾನ ಪಡಬಹುದು. ಕಂಪ್ಯೂಟರ್ ಇರುವ ಈಚಿನ ಗಾಡಿಗಳಿಗೆ, ಅಂದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಿಗೆ, ಈ ಪರೀಕ್ಷೆ ಬೇಡ. ಅಲ್ಲಿ ಸ್ಕ್ಯಾನರ್ ಇಟ್ಟು ನೋಡಿಸುವುದೇ ದಾರಿ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರನ್ನು ರೇಡಿಯೇಟರಿಗೆ ಹಿಡಿದವರೂ ನಮ್ಮಲ್ಲಿದ್ದಾರೆ! ಅದು ಮೈಯ ಜ್ವರ ಅಳೆಯುವಷ್ಟಕ್ಕೆ ಮಾತ್ರ. ಯಂತ್ರಗಳಿಗೆಂದೇ ಬೇರೆಯದು ಸಿಗುತ್ತದೆ. ಸೆನ್ಸರಿನ ಪಕ್ಕದ ಲೋಹಕ್ಕೆ ಅದನ್ನು ಹಿಡಿದರೆ ಮುಳ್ಳು ಹೇಳುವುದು ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಇಂಜಿನ್ ನಿಜವಾಗಿಯೂ ಬಿಸಿಯಾಗುತ್ತಿದ್ದರೆ, ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಗಮನಿಸಿ. ನಿಂತಲ್ಲಿ ಬಿಸಿಯಾಗಿ, ಓಡುವಾಗ ತಣ್ಣಗಾದರೆ ಫ್ಯಾನಿನ ಕಡೆ ನೋಡಬೇಕು. ನಿಂತಲ್ಲಿ ಸರಿಯಿದ್ದು, ಭಾರ ಹೊತ್ತು ಹತ್ತುವಾಗ ಬಿಸಿಯಾದರೆ ರೇಡಿಯೇಟರ್ ಕಟ್ಟಿರಬಹುದು ಅಥವಾ ಬೆಲ್ಟ್ ಜಾರುತ್ತಿರಬಹುದು. ಹೊಲಕ್ಕೇ ಗಾಡಿ ಇಳಿಸುವ ನಮಗೆ ರೇಡಿಯೇಟರಿನ ಸಂದುಗಳಲ್ಲಿ ಹೊಟ್ಟು, ಧೂಳು, ಹುಳ ತುಂಬುವುದು ಸಾಮಾನ್ಯ. ಇಂಜಿನ್ನಿನ ಕಡೆಯಿಂದ ಮುಂದಕ್ಕೆ, ಹಗುರವಾಗಿ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಷರಿನ ನೀರು ತೆಳುವಾದ ತಗಡುಗಳನ್ನು ಮಡಚಿಬಿಡುತ್ತದೆ.

ಮೇಲಿನ ಹೋಸ್ ಪೈಪ್ ಸುಡುತ್ತಿದೆ, ಕೆಳಗಿನದು ತಣ್ಣಗಿದೆ ಎಂದಾದರೆ ನೀರು ಸುತ್ತುತ್ತಿಲ್ಲ. ಥರ್ಮೋಸ್ಟಾಟ್ ತೆರೆಯದೆ ಕುಳಿತಿರಬಹುದು, ವಾಟರ್ ಪಂಪ್ ಸೋತಿರಬಹುದು, ರೇಡಿಯೇಟರಿನ ಒಳಗೆ ಕಟ್ಟಿರಬಹುದು. ಥರ್ಮೋಸ್ಟಾಟನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಡಿ. ನೀರು ಕುದಿಯುವ ಮೊದಲೇ ಅದು ಬಾಯಿ ಬಿಡಬೇಕು. ಸಾಮಾನ್ಯವಾಗಿ 80 ಡಿಗ್ರಿಯ ಆಸುಪಾಸಿನಲ್ಲಿ ಬಿಡುತ್ತದೆ. ಅಡಿಗೆಯ ಪಾತ್ರೆ ತೆಗೆದುಕೊಳ್ಳುವ ಮೊದಲು ಮನೆಯವರನ್ನು ಕೇಳಿ!

ಥರ್ಮೋಸ್ಟಾಟನ್ನು ಕಿತ್ತೆಸೆದರೆ ಇಂಜಿನ್ ತಂಪಾಗಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದು ತಪ್ಪು. ಅದಿಲ್ಲದಿದ್ದರೆ ಇಂಜಿನ್ ಬೇಗ ಕಾಯುವುದಿಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅಡ್ಡದಾರಿಯೊಂದನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಇಂಜಿನ್ ಇನ್ನೂ ಬಿಸಿಯಾಗುತ್ತದೆ.

ಹೆಚ್ಚು ಜನ ಕಡೆಗಣಿಸುವುದು ರೇಡಿಯೇಟರಿನ ಮುಚ್ಚಳವನ್ನು. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗ್ ಒಳಗೆ ಒತ್ತಡ ಹಿಡಿದಿಟ್ಟರೆ, ಕುಕ್ಕರಿನಲ್ಲಿ ಆಗುವಂತೆ, 110 ಡಿಗ್ರಿ ದಾಟಿದರೂ ನೀರು ಕುದಿಯುವುದಿಲ್ಲ. ರಬ್ಬರ್ ಸವೆದ ಮುಚ್ಚಳ, ಅಥವಾ ಗಾಡಿಗೆ ಹೊಂದದ ಯಾವುದೋ ಮುಚ್ಚಳ ಹಾಕಿಕೊಂಡು ಘಾಟಿ ಹತ್ತಿದರೆ ನೀರು ಬೇಗ ಕುದಿದು ಹೊರಚೆಲ್ಲುತ್ತದೆ, ಆಮೇಲೆ ಮುಳ್ಳು ಕುಣಿಯತೊಡಗುತ್ತದೆ. ಇಂಜಿನ್ ತಣ್ಣಗಾದ ಮೇಲೆ ಮೇಲಿನ ಹೋಸ್ ಪೈಪ್ ಒಳಕ್ಕೆ ಚಪ್ಪಟೆಯಾಗಿದ್ದರೂ ಮುಚ್ಚಳದ ವಾಲ್ವ್ ಕೆಟ್ಟಿರಬಹುದು. ನಮ್ಮ ಗಾಡಿಯ ಎರಡು ಲೀಟರ್ ನೀರು ಹೋದ ದಾರಿಯೂ ಇದೇ.

ಬೋರ್‌ವೆಲ್ ನೀರು ಹಾಕಬೇಡಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ ಹಾಕಿ. ನೀರು ಬೆರೆಸುವ ಬಗೆಯದಾದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ನೀರು ಪದೇ ಪದೇ ಕಡಿಮೆಯಾಗುತ್ತಿದ್ದು ಹೊರಗೆಲ್ಲೂ ಸೋರದಿದ್ದರೆ, ಅಥವಾ ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನೇ ಕರೆಸಿ.

ಇನ್ನು ಮೈಯ ಆರೋಗ್ಯದ ಮಾತು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ದಿಂಬಂ ಘಾಟಿಯಲ್ಲಿ ಭಾರಿ ವಾಹನಗಳ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ, ಕತ್ತಲಾಗುವುದರೊಳಗೆ ಮೇಲೆ ಸೇರಬೇಕೆಂಬ ಅವಸರ ಹೆಚ್ಚಾಗಿದೆ. ಆ ಅವಸರದಲ್ಲಿ ಬಿಸಿ ಮುಚ್ಚಳ ತೆರೆಯುವ ಹುಡುಗರು ಮುಖ, ಎದೆ, ತೋಳು ಸುಟ್ಟುಕೊಳ್ಳುತ್ತಾರೆ. ಒತ್ತಡ ಹೋದ ಕ್ಷಣದಲ್ಲೇ ನೀರು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಹಿಂದೆ ಸರಿಯಲು ಸಮಯವೇ ಇರುವುದಿಲ್ಲ. ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸ್ ಪೈಪನ್ನು ಬಟ್ಟೆ ಸುತ್ತಿ ಹಿಚುಕಿ ನೋಡಿ. ಗಟ್ಟಿಯಾಗಿದ್ದರೆ ಇನ್ನೂ ಕಾಯಿರಿ. ಕುದಿಯುವ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಇಂಜಿನ್ ತಂಪಾಗಲೆಂದು ಅದನ್ನು ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವುದಂತೂ ಪ್ರಾಣಕ್ಕೇ ಸಂಚಕಾರ, ಬ್ರೇಕಿನ ಬಲ ಉಳಿಯುವುದಿಲ್ಲ.

ಸುಟ್ಟ ಜಾಗಕ್ಕೆ ತಕ್ಷಣ 20 ನಿಮಿಷ ತಂಪಾದ ಶುದ್ಧ ನೀರು ಹರಿಸಿ. ಟೂತ್‌ಪೇಸ್ಟ್, ಇಂಕು, ತುಪ್ಪ, ಅರಿಶಿನ ಯಾವುದೂ ಬೇಡ. ಗುಳ್ಳೆ ಒಡೆಯದೆ, ಒಗೆದ ಶುದ್ಧ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ. ಮುಖಕ್ಕೋ ಕಣ್ಣಿಗೋ ಬಿದ್ದಿದ್ದರೆ ನೀರು ಹರಿಸಿದ ಮೇಲೆ ನೇರ ಆಸ್ಪತ್ರೆಗೆ ಹೋಗಿ.

ಹಳೆಯ ಕೂಲಂಟನ್ನು ಕಣದಲ್ಲಿ ಸುರಿಯಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ ನೆಕ್ಕುತ್ತದೆ, ಕರು ಬಾಯಿ ಹಾಕುತ್ತದೆ. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟರೆ ಮಕ್ಕಳು ಕುಡಿದುಬಿಡುತ್ತಾರೆ. ಮೊದಲು ಅಮಲೇರಿದಂತೆ ತೂರಾಡುತ್ತಾರೆ, ಆಮೇಲೆ ಮೂತ್ರಪಿಂಡ ಕೆಡುತ್ತದೆ. ಕುಡಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತಾ ಕೂರದೆ, ಕೂಲಂಟಿನ ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ. ಬೇಗ ತಲುಪಿದರೆ ಇದಕ್ಕೆ ಮದ್ದಿದೆ.

ಗಾಡಿಯಲ್ಲಿ ಹತ್ತು ಲೀಟರಿನ ಒಂದು ಕ್ಯಾನ್ ಒಳ್ಳೆಯ ನೀರು, ಒಂದು ದಪ್ಪ ಗೋಣಿಬಟ್ಟೆ, ಚಕ್ರಕ್ಕೆ ಕೊಡಲು ಎರಡು ಮರದ ಕಟ್ಟೆ ಇಟ್ಟುಕೊಳ್ಳಿ. ಘಾಟಿಯ ಎರಡೂ ಬದಿ ಹುಲಿ ಸಂರಕ್ಷಿತ ಕಾಡು, ಆನೆ ಓಡಾಡುವ ಜಾಗ. ರೇಡಿಯೇಟರಿಗೆ ನೀರು ಹುಡುಕಿಕೊಂಡು ಕ್ಲೀನರ್ ಹುಡುಗನನ್ನು ಹಳ್ಳಕ್ಕೆ ಇಳಿಸಬೇಡಿ.